ಬೈಕ್ ಸ್ಟ್ಯಾಂಡ್ ಸದ್ದಿಗೆ ಕೈ ನಡುಗುವುದು ಯಾಕೆ?

ಗಂಡ ಕುಡಿದು ಬಂದಿದ್ದಾನಾ ಇಲ್ಲವಾ ಅನ್ನುವುದು ಅವರಿಗೆ ಬೈಕ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಒಂದೇ ಸಲ ಟಕ್ ಅಂದರೆ ಸರಿ, ಇವತ್ತು ಉಂಡು ಮಲಗಬಹುದು. ಸ್ಟ್ಯಾಂಡ್ ಕಾಲಿಗೆ ಸಿಗದೆ ಎರಡು ಮೂರು ಸಲ ಕರಕರ ಅಂದರೆ, ಅವನು ಚಪ್ಪಲಿ ಬಿಡುವುದರೊಳಗೆ ಮಗನನ್ನು ಹಿತ್ತಲಿಗೆ ಕಳಿಸಿ, ಒಲೆ ಮೇಲಿನ ಬಿಸಿ ಸಾರಿನ ಪಾತ್ರೆ ಇಳಿಸಿ ಅವನ ಕೈಗೆ ಸಿಗದ ಹಾಗೆ ಮೂಲೆಗೆ ಸರಿಸಿಬಿಡುತ್ತಿದ್ದರು. ಒಂಬತ್ತು ವರ್ಷ ಹೀಗೇ ನಡೆಯಿತು. ಆ ಮನೆ ಬಿಟ್ಟು ಈಗ ಎರಡು ವರ್ಷ. ಅಣ್ಣನ ಮನೆಯಲ್ಲಿದ್ದಾರೆ, ಅಣ್ಣ ಬೀಡಿ ಕೂಡ ಸೇದುವವನಲ್ಲ. ಆದರೂ ಸಂಜೆ ಏಳಕ್ಕೆ ಅವನ ಬೈಕ್ ಅಂಗಳಕ್ಕೆ ಬಂತೆಂದರೆ ಇವರ ಕೈ ತಾನಾಗಿ ಸಾರಿನ ಪಾತ್ರೆ ಕಡೆ ಹೋಗುತ್ತದೆ. ಕೈ ನಡುಗುತ್ತದೆ.

'ಇಲ್ಲಿ ಯಾರು ನಿನಗೆ ಹೊಡೀತಾರೆ? ಸುಮ್ನೆ ಹೆದರ್ತೀಯಲ್ಲ' ಅಂತ ಅತ್ತಿಗೆ ಬೈದಿದ್ದಾರೆ. ಪ್ರೀತಿಯಿಂದಲೇ ಬೈದಿದ್ದು, ಆದರೂ.

(ಇದು ಯಾರೋ ಒಬ್ಬರ ಕಥೆಯಲ್ಲ. ಮನಸ್ಸಿನ ಚಿಕಿತ್ಸೆಗೆ ನನ್ನ ಬಳಿ ಬಂದ ಮೂರ್ನಾಲ್ಕು ಜನರ ವಿವರಗಳನ್ನು ಕಲಸಿ, ಗುರುತು ಸಿಗದ ಹಾಗೆ ಬದಲಿಸಿದ್ದೇನೆ.)

ಆ 'ಸುಮ್ನೆ' ಅನ್ನುವ ಪದದ ಮೇಲೇ ನನ್ನ ತಕರಾರು. ತೆನಾಲಿ ರಾಮನ ಬೆಕ್ಕಿನ ಕಥೆ ನಿಮಗೆ ಗೊತ್ತಲ್ಲ, ರಾಜ ಎಲ್ಲರಿಗೂ ಬೆಕ್ಕು ಸಾಕಲು ಕೊಡುತ್ತಾನೆ, ರಾಮ ಮೊದಲ ದಿನವೇ ಕುದಿಯುವ ಹಾಲು ಇಡುತ್ತಾನೆ, ಆಮೇಲೆ ಆ ಬೆಕ್ಕು ಹಾಲಿನ ಬಟ್ಟಲು ಕಂಡರೆ ಓಡುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ರಾಮನ ಜಾಣತನಕ್ಕೆ ನಕ್ಕವರು. ಈ ಕೆಲಸಕ್ಕೆ ಬಂದ ಮೇಲೆ ನನಗೆ ಆ ಬೆಕ್ಕೇ ಜಾಸ್ತಿ ನೆನಪಾಗುತ್ತದೆ. ಅದಕ್ಕೆ ಹಾಲು ಇಟ್ಟವನು ಮನೆಯವನೇ. ದಿನಾ ಅನ್ನ ಹಾಕುವ ಕೈಯೇ ಸುಡುವುದಾದರೆ, ಯಾವ ಕೈ ನಂಬಬೇಕು ಅನ್ನುವ ಲೆಕ್ಕವೇ ತಪ್ಪಿಹೋಗುತ್ತದೆ. ಭೂಕಂಪ, ಬಸ್ ಅಪಘಾತದಲ್ಲೂ ಮನಸ್ಸಿಗೆ ಏಟು ಬೀಳುತ್ತದೆ ನಿಜ, ಆದರೆ ಮನುಷ್ಯರೇ ಕೊಟ್ಟ ಏಟಿನಲ್ಲಿ ಅಪಾಯದ ಗುರುತುಗಳೆಲ್ಲ ಮನುಷ್ಯರ ಮೈಮೇಲೇ ಇರುತ್ತವೆ. ದನಿ, ಹೆಜ್ಜೆ, ಹುಬ್ಬು, ಬಾಯಿ ವಾಸನೆ. ಬಸ್ ಹತ್ತದೆ ಇರಬಹುದು, ಮನುಷ್ಯರಿಲ್ಲದೆ ಎಲ್ಲಿಗೆ ಹೋಗುತ್ತೀರಿ?

ತಲೆಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮಿದುಳಿನಲ್ಲಿ ಬಾದಾಮಿ ಆಕಾರದ ಅಮಿಗ್ಡಲ ಅನ್ನುವ ಭಾಗವಿದೆ. ಅಪಾಯದ ಸುಳಿವು ಹಿಡಿಯುವುದರಲ್ಲಿ ಅದರದು ದೊಡ್ಡ ಪಾತ್ರ. ಅಮೆರಿಕದ ನರವಿಜ್ಞಾನಿ ಜೋಸೆಫ್ ಲೆಡೂ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೇನೆಂದರೆ, ಕಿವಿಗೆ ಬಿದ್ದ ಸದ್ದು ಅಲ್ಲಿಗೆ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ಒಳದಾರಿ, ಬೇಗ ಮುಟ್ಟುತ್ತದೆ, ಆದರೆ ಸುದ್ದಿ ಅರ್ಧಂಬರ್ಧ. ಇನ್ನೊಂದು ಸುತ್ತುದಾರಿ, ಇದು ಯಾವ ಸದ್ದು, ಯಾರ ಬೈಕು ಅಂತ ವಿಚಾರಿಸಿಕೊಂಡು ಬರುತ್ತದೆ. ಎರಡನೆಯದು ಬರುವ ಹೊತ್ತಿಗೆ ಕೈ ಪಾತ್ರೆ ಮೇಲಿರುತ್ತದೆ. 'ಇವನು ಅಣ್ಣ' ಅಂತ ಆಕೆಗೆ ಗೊತ್ತಿಲ್ಲವೆಂದಲ್ಲ. ಗೊತ್ತಾಗುವುದು ಒಂದು ಕ್ಷಣ ತಡ, ಅಷ್ಟೇ.

ಮನೆ ಕಾಯುವ ನಾಯಿ ಹತ್ತು ಸಲ ವಿನಾಕಾರಣ ಬೊಗಳಿದರೆ ನಿದ್ದೆ ಹಾಳು. ಕಳ್ಳ ಬಂದಾಗ ಒಂದು ಸಲ ಬೊಗಳದಿದ್ದರೆ ಮನೆಯೇ ಹಾಳು. ಏಟು ತಿಂದ ಮಿದುಳು ಬೊಗಳುವ ಕಡೆಗೇ ವಾಲುತ್ತದೆ. ಆ ಒಂಬತ್ತು ವರ್ಷ ಈ ಲೆಕ್ಕವೇ ಆಕೆಯನ್ನೂ ಮಗನನ್ನೂ ಉಳಿಸಿದ್ದು.

ಮಗನ ವಿಷಯಕ್ಕೆ ಬರುತ್ತೇನೆ. ಮೂರನೇ ಕ್ಲಾಸು. 'ನಾನು ಸುಮ್ಮನೆ ಬೋರ್ಡ್ ನೋಡ್ತಿದ್ದರೂ, ಮಿಸ್, ಯಾಕೆ ಸಿಟ್ಟು ಮಾಡ್ಕೊಂಡಿದ್ದೀರಾ ಅಂತಾನೆ' ಅನ್ನುವುದು ಅವನ ಟೀಚರ್ ದೂರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಇಂಥ ಮಕ್ಕಳ ಮೇಲೆ ಒಂದು ಚಂದದ ಪ್ರಯೋಗ ಮಾಡಿದ್ದಾರೆ. ಮಸುಕಾದ ಮುಖದ ಚಿತ್ರ ನಿಧಾನವಾಗಿ ಸ್ಪಷ್ಟವಾಗುತ್ತಾ ಹೋಗುತ್ತದೆ, ಯಾವ ಭಾವ ಅಂತ ಮಕ್ಕಳು ಹೇಳಬೇಕು. ಏಟು ತಿಂದು ಬೆಳೆದ ಮಕ್ಕಳು ಬೇರೆಯವರಿಗಿಂತ ಮೊದಲೇ, ಚಿತ್ರ ಇನ್ನೂ ಮಬ್ಬಾಗಿರುವಾಗಲೇ, ಸಿಟ್ಟನ್ನು ಗುರುತಿಸಿಬಿಟ್ಟರು. ಒಂದು ರೀತಿಯಲ್ಲಿ ಅದು ಪರಿಣತಿಯೇ. ಆದರೆ ಅದಕ್ಕೆ ಬೆಲೆ ಇದೆ. ಒಂದು ಭಾವದಿಂದ ಇನ್ನೊಂದಕ್ಕೆ ಬದಲಾಗುವ, ಎರಡೂ ಬೆರೆತ ಮುಖಗಳನ್ನು ತೋರಿಸಿದ ಇನ್ನೊಂದು ಪ್ರಯೋಗದಲ್ಲಿ (2002ರದ್ದು) ಇಂಥ ಮಕ್ಕಳು ಜಾಸ್ತಿ ಮುಖಗಳನ್ನು ಸಿಟ್ಟಿನ ಲೆಕ್ಕಕ್ಕೇ ಸೇರಿಸಿದರು. ಟೀಚರ್‌ಗೆ ನಾನು ಹೇಳಿದ್ದು ಇಷ್ಟೇ: 'ಸಿಟ್ಟಿಲ್ಲಪ್ಪ, ಕಣ್ಣು ಕಾಣದೆ ಹುಬ್ಬು ಗಂಟಿಕ್ಕಿದೆ' ಅಂತ ಕಾರಣ ಬಾಯಿಬಿಟ್ಟು ಹೇಳಿ. ಅವನೇ ಊಹಿಸಲಿ ಅಂತ ಬಿಡಬೇಡಿ.

ಇದೆಲ್ಲ ಎಲ್ಲೋ ಅಪರೂಪಕ್ಕೆ ಅನ್ನುವವರಿಗೆ ಒಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ದೇಶದಲ್ಲಿ ಶೇ 29ರಷ್ಟು, ನಮ್ಮ ಕರ್ನಾಟಕದಲ್ಲಿ ಶೇ 44. ನಿಮ್ಮ ಓಣಿಯ ಮನೆಗಳನ್ನು ಒಮ್ಮೆ ಎಣಿಸಿ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಶುರುವಿನ ವರ್ಷಗಳಲ್ಲಿ ಯಾರೇ ಬಂದರೂ ಮೊದಲು ಬಾಗಿಲು ಹಾಕಿ ಚಿಲಕ ಸಿಕ್ಕಿಸುತ್ತಿದ್ದೆ. ಮಾತು ಹೊರಗೆ ಕೇಳಬಾರದು, ಗುಟ್ಟು ಉಳಿಯಬೇಕು ಅಂತ. ಆಮೇಲೆ 'ಕಣ್ಣು ಮುಚ್ಚಿ, ಉಸಿರು ನಿಧಾನಕ್ಕೆ ಎಳೆದುಕೊಳ್ಳಿ' ಅನ್ನುತ್ತಿದ್ದೆ. ಒಬ್ಬರು ಕಣ್ಣು ಮುಚ್ಚಲೇ ಇಲ್ಲ. ಮುಚ್ಚಿದ ಹಾಗೆ ಮಾಡಿ ರೆಪ್ಪೆ ಸಂದಿಯಿಂದ ನನ್ನ ಕೈಗಳನ್ನೇ ನೋಡುತ್ತಿದ್ದರು. ಚಿಲಕ ಬಿದ್ದ ಕೋಣೆ, ಮುಚ್ಚಿದ ಕಣ್ಣು, ಎದುರಿಗೆ ಅಪರಿಚಿತ ಗಂಡಸು. ನಾನು ಯಾವುದನ್ನು ಸಮಾಧಾನ ಅಂದುಕೊಂಡಿದ್ದೆನೋ ಅದೇ ಅವರಿಗೆ ಅಪಾಯದ ಪೂರ್ತಿ ಚಿತ್ರ. ಈಗ ಚಿಲಕ ಹಾಕುವುದಿಲ್ಲ, ಬಾಗಿಲು ಕಾಣುವ ಕುರ್ಚಿ ಬಂದವರಿಗೆ, ಗೋಡೆ ಕಡೆಯದು ನನಗೆ. ಕಣ್ಣು ತೆರೆದೇ ಇರಲಿ, ಬೇಕಾದರೆ ನೆಲದ ಟೈಲ್ಸ್ ಎಣಿಸಿ ಅನ್ನುತ್ತೇನೆ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಇನ್ನೊಂದು ಮುಖವಿದೆ. ಅದರ ಬಗ್ಗೆ ಜನ ಮಾತಾಡುವುದು ಕಡಿಮೆ. ಕೆಲವರಲ್ಲಿ ಅಪಾಯದ ಗಂಟೆ ಬಾರಿಸಬೇಕಾದಲ್ಲೇ ಬಾರಿಸುವುದಿಲ್ಲ. ಅಪ್ಪನ ಬೆಲ್ಟಿನ ಏಟು ತಿಂದು ಬೆಳೆದ ಹುಡುಗಿ, ಪ್ರೀತಿಸುವ ಹುಡುಗ ಕೈ ತಿರುಚಿದ್ದನ್ನು ನಗುತ್ತಾ ಹೇಳಿದಳು. 'ನೋವಾಗಲಿಲ್ವಾ?' ಅಂದೆ. 'ಆಯ್ತೇನೋ, ನಾನು ಎಲ್ಲೋ ಇದ್ದೆ' ಅಂದಳು. ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೇಡ್ 1990ರ ದಶಕದಲ್ಲಿ ಇದನ್ನು ನಂಬಿಕೆದ್ರೋಹದ ಆಘಾತ ಅಂತ ವಿವರಿಸಿದರು. ಹೊಡೆಯುವವನೇ ಅನ್ನ ಹಾಕುವವನೂ ಆಗಿದ್ದರೆ, ಮಗು ಓಡಿಹೋಗುವ ಹಾಗಿಲ್ಲ, ಹಾಗಾಗಿ ಗಮನಿಸದೆ ಇರುವುದನ್ನೇ ಕಲಿಯುತ್ತದೆ. 'ಅಷ್ಟೆಲ್ಲ ಆದರೂ ಯಾಕೆ ಅಲ್ಲೇ ಇದ್ದೆ, ಮೊದಲೇ ಗೊತ್ತಾಗಲಿಲ್ವಾ?' ಅಂತ ಠಾಣೆಯಲ್ಲೂ ನೆಂಟರ ಮನೆಯಲ್ಲೂ ಕೇಳುತ್ತಾರಲ್ಲ, ಆ ಪ್ರಶ್ನೆ ಕೇಳುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಚಿಕಿತ್ಸೆ ಇದೆ. ಆದರೆ ಅದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಅಪಾಯ ನಿಜಕ್ಕೂ ಮುಗಿದಿದೆಯಾ? ಗಂಡ ಇನ್ನೂ ಗೇಟಿನ ಹತ್ತಿರ ಬಂದು ಕೂಗಾಡುತ್ತಿದ್ದರೆ ನಾಯಿಯ ಬಾಯಿ ಕಟ್ಟುವುದು ದಡ್ಡತನ. ಆಗ ಮೊದಲ ಕೆಲಸ ಮಹಿಳಾ ಸಹಾಯವಾಣಿ 181ಕ್ಕೆ ಫೋನು, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಅಧಿಕಾರಿಯ ಭೇಟಿ. ಮನಸ್ಸಿನ ಕೆಲಸ ಆಮೇಲೆ. ರಾತ್ರಿ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಅಪಾಯ ಮುಗಿದಿದ್ದರೆ, ನಾವು ಮಾಡುವುದನ್ನು 'ಆಗ-ಈಗ' ಅನ್ನುತ್ತೇನೆ. ಹಳೇ ಭಯ ಅಳಿಸಿಹೋಗುವುದಿಲ್ಲ, ಅದರ ಪಕ್ಕದಲ್ಲಿ ಹೊಸ ಕಲಿಕೆಯೊಂದು ಕೂರಬೇಕು. ಆ ಹೊಸದಕ್ಕೆ ಒಂದು ಕೆಟ್ಟ ಗುಣವಿದೆ, ಕಲಿತ ಜಾಗ ಬಿಟ್ಟು ಬೇಗ ಕದಲುವುದಿಲ್ಲ. ನನ್ನ ಕೋಣೆಯಲ್ಲಿ ಸಿಕ್ಕ ಧೈರ್ಯ ಅವರ ಅಡುಗೆಮನೆವರೆಗೆ ಬರುವುದಿಲ್ಲ. ಹಾಗಾಗಿ ಅಣ್ಣನಿಗೆ ಕೆಲಸ ಕೊಟ್ಟೆವು. ಹಗಲಲ್ಲಿ, ಹೇಳಿ ಕೇಳಿ, ಅಂಗಳಕ್ಕೆ ಬೈಕ್ ತಂದು ಸ್ಟ್ಯಾಂಡ್ ಹಾಕುವುದು. ಇವರು ಬಾಗಿಲಲ್ಲಿ ನಿಂತು ಏನೇನು ಬೇರೆ ಅಂತ ಹೇಳುವುದು. ಮೊದಲ ವಾರ ಏನೂ ಬೇರೆ ಕಾಣಲಿಲ್ಲ. ಆಮೇಲೆ ಒಂದೊಂದೇ ಬಂತು. ಅಣ್ಣನದು ಮಧ್ಯದ ಸ್ಟ್ಯಾಂಡು, ಎತ್ತುವಾಗ ಹುಂ ಅನ್ನುತ್ತಾನೆ. ಕೀಲಿಗೊಂಚಲಿಗೆ ಗೆಜ್ಜೆ ಇದೆ. ಆ ಮನೆ ಅಂಗಳ ಸಿಮೆಂಟು, ಇಲ್ಲಿ ಮಣ್ಣು.

ನಾಲ್ಕು ತಿಂಗಳಾದ ಮೇಲೆ ಕೇಳಿದೆ, ಈಗ ಹೇಗೆ? 'ಎದೆ ಇನ್ನೂ ಡವಡವ ಅನ್ನುತ್ತೆ. ಆಮೇಲೆ ಗೆಜ್ಜೆ ಕೇಳುತ್ತೆ' ಅಂದರು. ಮೊನ್ನೆ ಬಂದಾಗಲೂ ಬಾಗಿಲು ಕಾಣುವ ಕುರ್ಚಿಯಲ್ಲೇ ಕೂತರು. ನಾನೂ ಬೇರೆ ಕುರ್ಚಿ ತೋರಿಸಲಿಲ್ಲ.