ಕರಗಿಹೋದ ಐಸಿನ ಅಂಚು ಹುಡುಕೋದು

ಐಸ್‌ಲ್ಯಾಂಡ್ ದ್ವೀಪದ ಮೇಲೆ 20 ಸಾವಿರ ವರ್ಷದ ಹಿಂದೆ ಮಂಜುಗಡ್ಡೆ ಎಲ್ಲೀತನಕ ಹರಡಿತ್ತು ಅಂತ ಹುಡುಕೋದು ನನ್ನ ಕೆಲಸ ಅಂದ್ರೆ ಎಲ್ರೂ ಕೇಳೋದು ಒಂದೇ, ಐಸೇ ಕರಗಿ ಸಮುದ್ರ ಸೇರಿದ್ಮೇಲೆ ನಿಮಗೆ ಸಿಗೋದೇನು ಅಂತ. ಕಲ್ಲು ಸಿಗತ್ತೆ, ಚಿಪ್ಪು ಸಿಗತ್ತೆ, ಅಷ್ಟು ಸಾಕು.

ಮೊದ್ಲು ನೋಡೋದು ಬಂಡೆ ಮೇಲಿನ ಗೀರು. ಜಾರೋ ಐಸಿನ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೇನ ಕೆರ್ಕೊಂಡು ಹೋಗಿರ್ತವೆ. ನಡು ಮಧ್ಯಾಹ್ನ ಇದು ಕಣ್ಣಿಗೇ ಬೀಳಲ್ಲ, ಸಂಜೆ ಓರೆ ಬಿಸಿಲು ಬಂದಾಗ ಬಂಡೆಗೆ ಸ್ವಲ್ಪ ನೀರು ಚಿಮುಕಿಸಿ ಕೂತ್ರೆ ಸಣ್ಣ ಸಣ್ಣ ಗೆರೆ ಒಂದೊಂದಾಗಿ ಮೇಲೇಳ್ತವೆ. ಐಸ್ ಬಂದ ಕಡೆ ಬಂಡೆ ನುಣ್ಣಗಿರತ್ತೆ, ಹೋದ ಕಡೆ ಕಿತ್ತುಹೋಗಿ ಒರಟಾಗಿರತ್ತೆ, ದಿಕ್ಕು ಗೊತ್ತಾಗೋದು ಹಾಗೆ. ಉತ್ತರ ತೀರದಿಂದ ಸುಮಾರು 40 ಕಿ.ಮೀ. ದೂರ ಸಮುದ್ರದಲ್ಲಿರೋ ಗ್ರಿಮ್ಸೆ ಅನ್ನೋ ಪುಟ್ಟ ದ್ವೀಪದ ಮೇಲೂ ಈ ಗೀರುಗಳಿವೆ. ಅಂದ್ರೆ ಐಸ್ ದಡಕ್ಕೇ ನಿಂತಿರ್ಲಿಲ್ಲ.

ಹೊಸದಾಗಿ ಬಂದ ಹುಡುಗ್ರು ಎಡವೋದು ಇಲ್ಲೇ. ಈಗಿನ ಹಿಮನದಿ ಮುಂದೆ ಮೊರೇನ್ ದಿಬ್ಬ, ಅಂದ್ರೆ ಐಸ್ ತಂದು ಸುರಿದ ಕಲ್ಲುಮಣ್ಣಿನ ರಾಶಿ, ಕಂಡ ತಕ್ಷಣ ಹಳೇ ಗಡಿ ಸಿಕ್ತು ಅಂದ್ಕೋತಾರೆ, ಆದ್ರೆ ವಾತ್ನಾಯೋಕುಲ್ ಅನ್ನೋ ಈಗಿನ ದೊಡ್ಡ ಹಿಮರಾಶಿ ಮುಂದಿನ ಎಷ್ಟೋ ದಿಬ್ಬಗಳು 1890ರ ಸುಮಾರಿನವು, ಮೊನ್ನೆ ಮೊನ್ನೆಯವು. ನಿಜವಾದ ಅಂಚು ಸಮುದ್ರದ ತಳದಲ್ಲಿದೆ, ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ಉದ್ದದ ಮೊರೇನ್ ನೀರಡಿ ಮಲಗಿದೆ, ಅದನ್ನ ಹಡಗಿನಿಂದ ಸೋನಾರ್, ಅಂದ್ರೆ ಸದ್ದು ಕಳಿಸಿ ಪ್ರತಿಧ್ವನಿಯಿಂದ ತಳ ನೋಡೋ ಯಂತ್ರ, ಬಿಟ್ಟೇ ನೋಡ್ಬೇಕು.

ದಪ್ಪ ಎಷ್ಟಿತ್ತು ಅನ್ನೋದಕ್ಕೆ ಜ್ವಾಲಾಮುಖಿಗಳೇ ಸಾಕ್ಷಿ, ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು. ಚಿತ್ರದುರ್ಗದ ಹತ್ರ ಮರಡಿಹಳ್ಳೀಲಿ ದಿಂಬು ಜೋಡಿಸಿಟ್ಟ ಹಾಗಿರೋ ಲಾವಾ ನೋಡಿರ್ಬಹುದು, ಲಾವಾ ನೀರೊಳಗೆ ಉಕ್ಕಿದ್ರೆ ಮಾತ್ರ ಆ ಆಕಾರ ಬರತ್ತೆ. ಐಸ್‌ಲ್ಯಾಂಡಿನ ಹೆರ್ದುಬ್ರೇಯ್ದ್ ಅನ್ನೋ 1682 ಮೀಟರಿನ ಬೆಟ್ಟದ ಬುಡದಲ್ಲೂ ಅದೇ ದಿಂಬು, ಆದ್ರೆ ಸಮುದ್ರ ಎಲ್ಲೋ ದೂರ. ಐಸಿನಡಿ ಲಾವಾ ಉಕ್ಕಿ ಐಸ್ ಕರಗಿಸಿ ತನ್ನ ಸುತ್ತ ತಾನೇ ಕೆರೆ ಮಾಡ್ಕೊಂಡಿತ್ತು. ದಿಂಬಿನ ಮೇಲೆ ಪುಡಿಪುಡಿ ಗಾಜಿನ ಕಲ್ಲು, ಅದರ ಮೇಲೆ ಚಪ್ಪಟೆ ಲಾವಾ. ಆ ಚಪ್ಪಟೆ ಪದರ ಶುರುವಾಗೋ ಎತ್ತರಾನೇ ಆಗಿನ ನೀರಿನ ಮಟ್ಟ, ಐಸ್ ಅದಕ್ಕಿಂತ ಮೇಲಿತ್ತು. ಇದು ಬೆಟ್ಟ ಉಕ್ಕಿದ ಕಾಲದ ದಪ್ಪ ಅಷ್ಟೇ, ಅತಿ ಹೆಚ್ಚು ದಪ್ಪ ಇದೇ ಅಂತ ಹೇಳಕ್ಕಾಗಲ್ಲ.

ಇನ್ನು ಯಾವಾಗ ಹಿಂದೆ ಸರೀತು ಅನ್ನೋದು. ಪಶ್ಚಿಮದ ಬೋರ್ಗಾರ್‌ಫ್ಯೋರ್ದುರ್‌ನಲ್ಲಿ ಈಗಿನ ಸಮುದ್ರಕ್ಕಿಂತ ಸುಮಾರು 150 ಮೀಟರ್ ಎತ್ತರದಲ್ಲಿ ಹಳೇ ದಡದ ಗುರುತಿದೆ, ಆ ಕಾಲದ ಸಮುದ್ರದ ಚಿಪ್ಪುಗಳೂ ಅಲ್ಲಿ ಸಿಕ್ಕಿವೆ. ಐಸಿನ ಭಾರಕ್ಕೆ ನೆಲ ಕುಸಿದಿತ್ತು, ಐಸ್ ಹೋದ ಕೂಡ್ಲೆ ಸಮುದ್ರ ಒಳಗೆ ನುಗ್ತು, ಆಮೇಲೆ ನೆಲ ಮೇಲೆದ್ದು ದಡಾನೂ ಮೇಲಕ್ಕೆ ಬಂತು. ಚಿಪ್ಪಿನ ರೇಡಿಯೋಕಾರ್ಬನ್ ವಯಸ್ಸು, ಅಂದ್ರೆ ಅದರಲ್ಲಿ ಉಳಿದಿರೋ ವಿಕಿರಣಶೀಲ ಇಂಗಾಲ ಅಳೆದು ಹಾಕಿದ ಲೆಕ್ಕ, ಸರಿಪಡಿಸಿದ್ರೆ ಸುಮಾರು 14,700 ವರ್ಷ. ಸರಿಪಡಿಸದೆ ಇದ್ರೆ ಲೆಕ್ಕ ನೂರಾರು ವರ್ಷ ತಪ್ಪತ್ತೆ, ಯಾಕಂದ್ರೆ ಸಮುದ್ರದ ಇಂಗಾಲ ಗಾಳಿಯದಕ್ಕಿಂತ ಹಳೇದು. ಚಿಪ್ಪು ಬದುಕಿತ್ತು ಅಂದ್ಮೇಲೆ ಆ ಜಾಗದಲ್ಲಿ ಐಸ್ ಇರ್ಲಿಲ್ಲ, ಹಾಗಾಗಿ ನನ್ನ ಮ್ಯಾಪಲ್ಲಿ ಅಲ್ಲಿ ಐಸಿನ ಅಂಚಿನ ಗೆರೇನ ಗಟ್ಟಿಯಾಗಿ ಎಳೀತೀನಿ, ಸಾಕ್ಷಿ ಸಿಗದ ಕಡೆ ಬರೀ ಚುಕ್ಕಿ ಇಡ್ತೀನಿ.