ಸೇಬಿನ ಉಸಿರು ಕಟ್ಟಿದಾಗ ಸಿಕ್ಕ ಉತ್ತರ

ಮಾಗುತ್ತಿರುವ ಸೇಬನ್ನು ಬರೀ ನೈಟ್ರೋಜನ್ ತುಂಬಿದ ಡಬ್ಬಿಯಲ್ಲಿಟ್ಟರೆ ಅದು ಎಥಿಲೀನ್, ಅಂದರೆ ಹಣ್ಣನ್ನು ಮಾಗಿಸುವ ಅನಿಲ, ಬಿಡುವುದನ್ನು ನಿಲ್ಲಿಸುತ್ತದೆ. ಮತ್ತೆ ಗಾಳಿಗೆ ತಂದರೆ ಸಾಕು, ಎಥಿಲೀನ್ ಭುಸ್ಸೆಂದು ಹೊರಗೆ ಬರುತ್ತದೆ. ಹಾಗಾದರೆ ಡಬ್ಬಿಯೊಳಗೆ ಇದ್ದಷ್ಟು ಹೊತ್ತೂ ಸೇಬು ಏನನ್ನೋ ಕೂಡಿಹಾಕುತ್ತಿರಬೇಕು, ಅಲ್ವಾ? ಆ ‘ಏನೋ’ ಯಾವುದು ಅಂತ 1979ರಲ್ಲಿ ಹಿಡಿದು ತೋರಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಶಾಂಗ್ ಫಾ ಯಾಂಗ್ ಮತ್ತು ಡಗ್ಲಸ್ ಆಡಮ್ಸ್.

ಎಥಿಲೀನ್ ಒಂದು ವಿಚಿತ್ರ ಹಾರ್ಮೋನು. ಎರಡು ಕಾರ್ಬನ್, ನಾಲ್ಕು ಹೈಡ್ರೋಜನ್, ಅಷ್ಟೇ. ಅದೂ ಅನಿಲ. ದೀಪ ಉರಿಸುವ ಗ್ಯಾಸಿನಲ್ಲಿರುವ ಎಥಿಲೀನಿನಿಂದ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುತ್ತವೆ ಎಂದು ರಷ್ಯಾದ ದಿಮಿತ್ರಿ ನೆಲ್ಯುಬೊವ್ 1901ರಲ್ಲೇ ಹೇಳಿದ್ದರು. ಹಣ್ಣು ತಾನೇ ಈ ಅನಿಲವನ್ನು ತಯಾರಿಸುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು 1934ರಲ್ಲಿ. ಹೇಗೆ ತಯಾರಿಸುತ್ತದೆ ಎಂಬುದು ಮಾತ್ರ ಇನ್ನೂ ಬಹಳ ಕಾಲ ಕಗ್ಗಂಟಾಗಿಯೇ ಉಳಿಯಿತು.

ಯಾಂಗ್ ಹುಟ್ಟಿದ್ದು 1932ರಲ್ಲಿ, ತೈವಾನಿನಲ್ಲಿ. ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಮುಗಿಸಿ 1966ರಲ್ಲಿ ಡೇವಿಸ್ ಸೇರಿದರು. ಅಲ್ಲಿಂದಾಚೆಗೆ ಅವರ ಕೆಲಸವೆಲ್ಲ ಹೆಚ್ಚುಕಡಿಮೆ ಈ ಒಂದು ಪುಟ್ಟ ಅಣುವಿನ ಸುತ್ತಲೇ. ಅದರ ಮೂಲ ಮೆಥಿಯೋನೈನ್ ಎಂಬ ಅಮೈನೋ ಆಮ್ಲ ಅನ್ನುವುದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ನಡುವಿನ ದಾರಿ ಕತ್ತಲು.

ಅವರು ವಿಕಿರಣಶೀಲ ಕಾರ್ಬನ್ನಿನ ಗುರುತು ಹಾಕಿದ ಮೆಥಿಯೋನೈನನ್ನು ಸೇಬಿನ ತುಂಡುಗಳಿಗೆ ಉಣಿಸಿ, ನೈಟ್ರೋಜನ್ನಿನಲ್ಲಿಟ್ಟರು. ಗೇಟು ಮುಚ್ಚಿದ ಕಾಲುವೆಯಲ್ಲಿ ನೀರು ನಿಂತ ಹಾಗೆ, ಆಮ್ಲಜನಕ ಬೇಕಾದ ಕೊನೆಯ ಹಂತಕ್ಕೆ ಮುಂಚಿನ ವಸ್ತು ಅಲ್ಲೇ ಶೇಖರವಾಯಿತು. ಅದನ್ನು ಬೇರ್ಪಡಿಸಿ ನೋಡಿದರೆ ಮೂರು ಕಾರ್ಬನ್ನುಗಳ ಉಂಗುರವಿರುವ ಒಂದು ಅಮೈನೋ ಆಮ್ಲ. ಉದ್ದದ ಹೆಸರು ಬೇಡ, ಎಲ್ಲರೂ ಎಸಿಸಿ ಅಂತಲೇ ಕರೆಯುತ್ತಾರೆ. ಎಸಿಸಿಯನ್ನು ಸೇಬಿನ ತುಂಡಿಗೆ ಕೊಟ್ಟು ಗಾಳಿಗಿಟ್ಟರೆ ಅದು ಎಥಿಲೀನ್ ಆಗಿಬಿಡುತ್ತಿತ್ತು. ತಮಾಷೆ ಏನೆಂದರೆ, 1957ರಲ್ಲೇ ಈ ವಸ್ತು ಸೇಬು, ಪೇರ್ ಹಣ್ಣುಗಳಲ್ಲಿ ಸಿಕ್ಕಿತ್ತು. ಅಲ್ಲಿ ಅದಕ್ಕೇನು ಕೆಲಸ ಅಂತ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ನನಗೆ ಇದಕ್ಕಿಂತಲೂ ಹಿಡಿಸುವುದು ಗಂಧಕದ ಲೆಕ್ಕ. ಮೆಥಿಯೋನೈನಿನಲ್ಲಿ ಗಂಧಕ ಇದೆ, ಎಥಿಲೀನಿನಲ್ಲಿ ಇಲ್ಲ. ಸೇಬಿನಲ್ಲಿ ಮೆಥಿಯೋನೈನ್ ಇರುವುದೇ ಚೂರು. ಪ್ರತಿ ಸಲ ಗಂಧಕ ಕೈಬಿಟ್ಟುಹೋದರೆ ದಾಸ್ತಾನು ಬೇಗ ಖಾಲಿಯಾಗಬೇಕಿತ್ತು. ಆದರೆ ಹಣ್ಣು ದಿನಗಟ್ಟಲೆ ಎಥಿಲೀನ್ ಬಿಡುತ್ತಲೇ ಇರುತ್ತದೆ. ಗಂಧಕ ತನಗಂಟಿದ ಮೀಥೈಲ್ ಗುಂಪಿನ (ಒಂದು ಕಾರ್ಬನ್, ಮೂರು ಹೈಡ್ರೋಜನ್) ಸಮೇತ ವಾಪಸು ಹೋಗಿ ಹೊಸ ಮೆಥಿಯೋನೈನ್ ಆಗುತ್ತದೆ ಎಂದು ಯಾಂಗ್ ತಂಡ ತೋರಿಸಿತು. ಇದಕ್ಕೆ ಈಗ ಯಾಂಗ್ ಚಕ್ರ ಎಂದೇ ಹೆಸರು.

ನೀರು ನಿಂತ ಮಣ್ಣಿನಲ್ಲಿ ಟೊಮೇಟೊ ಗಿಡದ ಎಲೆತೊಟ್ಟುಗಳು ಕೆಳಗೆ ಬಾಗುತ್ತವೆ. ಬೇರು ತುಂಬ ನೀರಿದ್ದೂ ಗಿಡ ಬಾಡಿದ ಹಾಗೆ ಕಾಣುತ್ತದೆ. 1980ರಲ್ಲಿ ಯಾಂಗ್ ಮತ್ತು ಕೆಂಟ್ ಬ್ರಾಡ್‌ಫೋರ್ಡ್ ಇದರ ಕಾರಣ ಹೇಳಿದರು. ಮುಳುಗಿದ ಬೇರಿಗೆ ಆಮ್ಲಜನಕ ಸಿಗದೆ ಎಸಿಸಿ ಅಲ್ಲೇ ಕೂಡುತ್ತದೆ. ನೀರಿನ ಕೊಳವೆಗಳಲ್ಲಿ ಮೇಲೇರಿ, ಆಮ್ಲಜನಕ ಇರುವ ಕಾಂಡ ಮತ್ತು ಎಲೆ ತಲುಪಿ ಎಥಿಲೀನ್ ಆಗುತ್ತದೆ. ಡಬ್ಬಿಯ ಸೇಬಿನಲ್ಲಿ ಆದದ್ದೇ ಇಲ್ಲೂ ಆಗುವುದು, ಎರಡು ಹಂತ ಎರಡು ಜಾಗದಲ್ಲಿ ಅಷ್ಟೇ.

ಕಿಣ್ವಗಳು ಮಾತ್ರ ಸತಾಯಿಸಿದವು. ಎಸಿಸಿ ತಯಾರಿಸುವ ಕಿಣ್ವ ಸಿಗುವುದೇ ತೀರಾ ಕಡಿಮೆ, ಅದೂ ಬೇಗ ಕೆಡುತ್ತದೆ. ಎಸಿಸಿಯನ್ನು ಎಥಿಲೀನ್ ಮಾಡುವ ಕಿಣ್ವವಂತೂ ಜೀವಕೋಶ ಒಡೆದ ಕೂಡಲೇ ಸುಮ್ಮನಾಗಿಬಿಡುತ್ತಿತ್ತು. ಹಾಗಾಗಿ ಅದು ಕೋಶದ ಪೊರೆಗೆ ಅಂಟಿಕೊಂಡೇ ಕೆಲಸ ಮಾಡುತ್ತಿರಬೇಕು ಎಂದು ಹಲವರು ಊಹಿಸಿದ್ದರು. ಕೊನೆಗೆ ಸುಳಿವು ಸಿಕ್ಕಿದ್ದು ಟೊಮೇಟೊದ ಒಂದು ಜೀನ್‌ನಿಂದ. ಅದು ಕಬ್ಬಿಣ ಮತ್ತು ಸಿ ವಿಟಮಿನ್ ಬೇಡುವ ಇನ್ನೊಂದು ಕಿಣ್ವದ ಜೀನ್‌ನಂತೆಯೇ ಇತ್ತು. 1991ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಕರಬೂಜದ ರಸಕ್ಕೆ ಅವೆರಡನ್ನೂ ಬೆರೆಸಿದರು. ಪ್ರಯೋಗನಳಿಕೆಯಲ್ಲಿ ಎಥಿಲೀನ್ ಬಂತು. ಅದೇ ವರ್ಷ ಯಾಂಗ್ ಅವರಿಗೆ ಕೃಷಿಯ ವುಲ್ಫ್ ಪ್ರಶಸ್ತಿಯೂ ಬಂತು.