ಗೀರು ಹೋಗುವುದಿಲ್ಲ, ಸುತ್ತಲಿನ ಬಣ್ಣ ಹೋಗುತ್ತದೆ

ಹೋದ ವಾರ ಒಬ್ಬ ಹುಡುಗ ಕಪ್ಪು ಕಾರು ತಂದು ನಿಲ್ಲಿಸಿದ. ಇಳಿದವನೇ ಬಾನೆಟ್ಟಿನ ಬಲಬದಿಯ ಏಣಿನ ಮೇಲೆ ಬೆರಳಿಟ್ಟು, "ಅಣ್ಣಾ, ಇಲ್ಲಿ ಮಾತ್ರ ಬಿಳಿಚಿಕೊಂಡಿದೆ. ಎಷ್ಟು ಪಾಲಿಶ್ ಹಾಕಿದರೂ ಹೊಳಪು ಬರ್ತಿಲ್ಲ. ನಿಮ್ಮ ಹತ್ತಿರ ಇನ್ನೂ ಒಳ್ಳೇ ಕಾಂಪೌಂಡ್ ಇದ್ದರೆ ಹಾಕಿಕೊಡಿ" ಅಂದ. ಬಗ್ಗಿ ನೋಡಿದೆ. ಗೇಣುದ್ದ, ಕಿರುಬೆರಳ ಉಗುರಿನಷ್ಟು ಅಗಲದ ಬೂದು ಗೆರೆ. ಎರಡೂ ಬದಿಯಲ್ಲಿ ಕಪ್ಪು ಬಣ್ಣ ತೆಳ್ಳಗಾಗುತ್ತಾ ಬಂದು ಆ ಬೂದು ಗೆರೆಯೊಳಗೆ ಮುಗಿದುಹೋಗಿತ್ತು. ಅದು ಪ್ರೈಮರ್, ಬಣ್ಣಕ್ಕೂ ಅಡಿಯಲ್ಲಿರುವ ಪದರ.

ಎಷ್ಟು ಹೊತ್ತು ಉಜ್ಜಿದೆ ಅಂತ ಕೇಳಿದೆ. ಅದೊಂದೇ ಜಾಗಕ್ಕೆ ಮುಕ್ಕಾಲು ಗಂಟೆಯಂತೆ. ಮೊದಲು ಅಲ್ಲಿದ್ದದ್ದು ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವ ಒಂದು ಎಳೆ ಗೀರು.

ಹದಿನೆಂಟು ವರ್ಷದಿಂದ ಕಾರುಗಳಿಗೆ ಪಾಲಿಶ್ ಮಾಡುವ ಕೆಲಸದಲ್ಲಿದ್ದೇನೆ. ಬೇರೆ ಬೇರೆ ವೇಷದಲ್ಲಿ ನನ್ನ ಮುಂದೆ ಬಂದು ನಿಲ್ಲುವ ತಪ್ಪು ಇದೊಂದೇ. ಅದರ ಬೇರು ನಮ್ಮ ಮಾತಿನಲ್ಲೇ ಇದೆ ಅಂತ ನನಗನ್ನಿಸುತ್ತದೆ. ಪಾಲಿಶ್ 'ಹಾಕಿಸುವುದು', 'ಹಚ್ಚುವುದು' ಅನ್ನುತ್ತೇವೆ, ಎಣ್ಣೆ ಹಚ್ಚಿದ ಹಾಗೆ. ಹಚ್ಚಿದರೆ ಏನೋ ಸೇರಬೇಕಲ್ಲ? ಇಲ್ಲಿ ಏನೂ ಸೇರುವುದಿಲ್ಲ. ಕತ್ತಿಗೆ ಸಾಣೆ ಹಿಡಿದರೆ ಕತ್ತಿ ಬೆಳೆಯುತ್ತದೆಯೇ? ಕಾಂಪೌಂಡ್ ಎಂಬ ಆ ಬಿಳಿ ಕೆನೆಯಲ್ಲಿರುವುದು ಬಹಳ ಸಣ್ಣಗೆ ಅರೆದ ಗಡಸು ಪುಡಿ, ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡ್. ಸ್ಯಾಂಡ್‌ಪೇಪರಿಗೆ ಅಂಟಿಸುವುದೂ ಅದನ್ನೇ, ಕಣ ಮಾತ್ರ ದಪ್ಪ. ಪಾಲಿಶ್ ಅಂದರೆ ಸವೆಸುವುದು. ಬೇರೆ ಅರ್ಥವಿಲ್ಲ.

ಸವೆಸುವುದಕ್ಕೆ ಇರುವುದಾದರೂ ಎಷ್ಟು? ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಈಗಿನ ಕಾರುಗಳಲ್ಲಿ ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಪ್ರಿಂಟರಿಗೆ ಹಾಕುವ ಒಂದು ಕಾಗದ, ಹೆಚ್ಚೆಂದರೆ ಒಂದೂವರೆ ಕಾಗದದ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ನಮ್ಮ ಕೆಲಸವೆಲ್ಲ ನಡೆಯಬೇಕಾದ್ದು ಒಂದು ಕೂದಲಿಗಿಂತ ತೆಳುವಾದ ಪದರದಲ್ಲಿ, ಅದರಲ್ಲೂ ಮೇಲಿನ ಒಂದು ಸಣ್ಣ ಪಾಲಿನಲ್ಲಿ. ಬಿಸಿಲಿನ ನೇರಳಾತೀತ ಕಿರಣ ತಡೆಯುವ ಅಂಶ ಇರುವುದೂ ಈ ಪದರದಲ್ಲೇ. ಅದು ತೀರಾ ತೆಳುವಾದರೆ ಇವತ್ತು ಕಾರು ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ಬೇಸಿಗೆ ಕಳೆದ ಮೇಲೆ ಬಣ್ಣ ಮಾಸಿ, ಕ್ಲಿಯರ್ ಕೋಟ್ ಹಾವಿನ ಪೊರೆಯ ಹಾಗೆ ಏಳಬಹುದು.

ಈಗ ಗೀರಿನ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ. ಗೀರು ಅಂದರೆ ಕ್ಲಿಯರ್ ಕೋಟಿನಲ್ಲಿ ತೋಡಿದ ಒಂದು ಕಾಲುವೆ. ಪಾಲಿಶ್ ಆ ಕಾಲುವೆಯನ್ನು ಮುಚ್ಚುವುದಿಲ್ಲ. ಸುತ್ತಲಿನ ನೆಲವನ್ನೇ ಕಾಲುವೆಯ ತಳದ ಮಟ್ಟಕ್ಕೆ ಇಳಿಸುತ್ತದೆ. ಕಾಲುವೆ ಮೂರು ಮೈಕ್ರಾನ್ ಆಳವಿದ್ದರೆ ಸುತ್ತ ಮೂರು ಮೈಕ್ರಾನ್ ಹೋಗಬೇಕು. ಇಪ್ಪತ್ತು ಇದ್ದರೆ ಇಪ್ಪತ್ತು! ಆ ಮಟ್ಟಕ್ಕೆ ಇಳಿದರೆ ಗೀರು ಕಾಣುವುದಿಲ್ಲ ನಿಜ, ಆದರೆ ಆ ಜಾಗದ ಕ್ಲಿಯರ್ ಕೋಟ್ ಅರ್ಧ ಹೋಗಿರುತ್ತದೆ. ಹಾಗಾಗಿ ಗೀರು ತೆಗೆಯಲೇಬೇಕೇ ಎಂಬುದು ಮೊದಲ ಪ್ರಶ್ನೆ. ಹೇಗೆ ತೆಗೆಯುವುದು ಎಂಬುದು ಆಮೇಲೆ. ಉಗುರನ್ನು ಗೀರಿಗೆ ಅಡ್ಡಲಾಗಿ ಹಗುರವಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬಿಟ್ಟುಬಿಡಿ, ಅದು ಪಾಲಿಶಿನಿಂದ ಹೋಗುವಂಥದ್ದಲ್ಲ. ಸಿಕ್ಕಿಕೊಳ್ಳದಿದ್ದರೆ ಪೂರ್ತಿ ಹೋಗಬಹುದು, ಕಡಿಮೆಯಾಗಬಹುದು, ಖಚಿತವಾಗಿ ಹೇಳಲಾರೆ. ಅಂಚುಗಳು ದುಂಡಗಾದರೆ ಗೀರಿಗೆ ಬೆಳಕು ಹಿಡಿಯುವುದು ನಿಂತು, ಎರಡು ಹೆಜ್ಜೆ ಹಿಂದೆ ನಿಂತವರಿಗೆ ಕಾಣುವುದಿಲ್ಲ. ಅಷ್ಟು ಸಾಕು. ನನ್ನ ಸ್ವಂತ ಕಾರಿನ ಹಿಂಬಾಗಿಲಿನಲ್ಲಿ ಅಂಥ ಎರಡು ಗೀರುಗಳಿವೆ. ನಾನಾಗಿ ಉಳಿಸಿಕೊಂಡವು.

ಮೊದಲ ಸಲ ಪಾಲಿಶ್ ಯಂತ್ರ ಹಿಡಿಯುವವರು ಡ್ಯುಯಲ್ ಆಕ್ಷನ್ ಯಂತ್ರವನ್ನೇ ಹಿಡಿಯಿರಿ. ರೋಟರಿ ಒಂದೇ ಅಕ್ಷದ ಸುತ್ತ ಗಿರ್ರನೆ ತಿರುಗುತ್ತದೆ; ಒಂದೇ ಕಡೆ ನಿಂತರೆ ಬಿಸಿಯೇರಿ ಕ್ಷಣದಲ್ಲಿ ಬಣ್ಣ ಸುಡುತ್ತದೆ. ಡ್ಯುಯಲ್ ಆಕ್ಷನ್ ಯಂತ್ರದ ಪ್ಯಾಡು, ಅಂದರೆ ಬಣ್ಣಕ್ಕೆ ತಾಗಿ ಉಜ್ಜುವ ಮೆತ್ತೆ, ತಿರುಗುತ್ತಲೇ ಓಲಾಡುತ್ತದೆ. ಗೇರ್ ಇಲ್ಲದ ಸಾಮಾನ್ಯ ಬಗೆಯದಾದರೆ ಹೆಚ್ಚು ಒತ್ತಿದಾಗ ತಿರುಗುವುದೇ ನಿಂತು ಬರೀ ನಡುಗುತ್ತದೆ. ಹೊಸಬರಿಗೆ ಅದೇ ರಕ್ಷಣೆ. ಹಾಗಂತ ನಡುಗುವ ಪ್ಯಾಡಿನಲ್ಲಿ ಗಂಟೆಗಟ್ಟಲೆ ಉಜ್ಜಿ ಏನೂ ಆಗಲಿಲ್ಲ ಅನ್ನುವವರೂ ಇದ್ದಾರೆ. ಪ್ಯಾಡ್ ಅಂಟಿಸುವ ತಟ್ಟೆಯ ಅಂಚಿನಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆ ಸುತ್ತುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೆ ಒತ್ತಡ ಸರಿಯಾಗಿದೆ. ನಿಂತಲ್ಲೇ ನಿಂತರೆ ಕೈ ಹಗುರ ಮಾಡಿ.

ತೊಳೆಯುವುದು, ಕ್ಲೇ ಎಂಬ ಜೇಡಿಯಂಥ ಮೆತ್ತನೆ ಮುದ್ದೆ ಹಿಡಿದು ಅಂಟಿದ ಕೊಳೆ ತೆಗೆಯುವುದು, ಬಿಸಿಲಿನಲ್ಲಿ ಕೆಲಸ ಮಾಡಬಾರದೆಂಬುದು, ಇವೆಲ್ಲ ಗೊತ್ತಿರುವ ಮಾತು. ಜನ ಬಿಟ್ಟುಬಿಡುವುದು ಪರೀಕ್ಷಾ ಚೌಕವನ್ನು, ಅಂದರೆ ಇಡೀ ಕಾರಿಗೆ ಕೈಹಾಕುವ ಮೊದಲು ಒಂದು ಸಣ್ಣ ಜಾಗದಲ್ಲಿ ಮಾಡಿ ನೋಡುವುದನ್ನು. ಒಂದೂವರೆ ಅಡಿ ಚೌಕ ಸಾಕು. ಮೊದಲು ಅತಿ ಮೃದುವಾದ ಪ್ಯಾಡು, ಅತಿ ನುಣುಪಿನ ಪಾಲಿಶ್. ಬಟಾಣಿ ಗಾತ್ರದ ನಾಲ್ಕು ತೊಟ್ಟು. ಅಡ್ಡ ಒಂದು ಸಲ, ಉದ್ದ ಒಂದು ಸಲ, ಪ್ರತಿ ಸಾಲೂ ಹಿಂದಿನ ಸಾಲನ್ನು ಅರ್ಧ ಹೊದ್ದಿರಲಿ, ಕೈ ನಿಧಾನವಾಗಿ ಸಾಗಲಿ. ಒರೆಸಿ. ಆಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಿ ಇನ್ನೊಮ್ಮೆ ಒರೆಸಿ. ಇದನ್ನು ಬಿಡಬೇಡಿ. ಎಷ್ಟೋ ಪಾಲಿಶ್‌ಗಳಲ್ಲಿ ಎಣ್ಣೆಯಂಥ, ಗೀರಿನೊಳಗೆ ತುಂಬಿಕೊಳ್ಳುವ ಪದಾರ್ಥ ಇರುತ್ತದೆ. ಅದನ್ನು ನೋಡಿ ಗೀರು ಹೋಯಿತು ಅಂದುಕೊಳ್ಳುತ್ತೀರಿ, ನಾಲ್ಕು ಸಲ ತೊಳೆದರೆ ಎಲ್ಲ ವಾಪಸ್. ಒರೆಸಿದ ಮೇಲೆ ಕಂಡದ್ದೇ ನಿಜವಾದ ಬಣ್ಣ. ಅದು ನಿಮಗೆ ಒಪ್ಪಿಗೆಯಾದರೆ ಇಡೀ ಕಾರಿಗೆ ಅಷ್ಟೇ ಮಾಡಿ. ಆಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಹೋಗಿ.

ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಆದರೆ ಸಾಮಾನ್ಯ ಮೀಟರ್ ತೋರಿಸುವುದು ಒಟ್ಟು ದಪ್ಪವನ್ನು, ಕ್ಲಿಯರ್ ಕೋಟನ್ನಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಒಂದು ಬಾಗಿಲು 120, ಪಕ್ಕದ್ದು 260 ತೋರಿಸಿದರೆ ಎರಡನೆಯದಕ್ಕೆ ಮರುಬಣ್ಣ ಆಗಿರಬಹುದು ಅಂತ ತಿಳಿಯಿರಿ. ದಪ್ಪ ಇದೆಯಲ್ಲ ಅಂತ ಮೈಮರೆಯಬೇಡಿ.

ಬಂಪರ್ ಅಂದಾಗ ನನ್ನದೇ ಒಂದು ನೋವು ನೆನಪಾಗುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ರೋಟರಿ ಕೈಗೆ ಬಂದ ಹೊಸತು. ಲೋಹದ ಪ್ಯಾನೆಲ್ ಬಿಸಿಯನ್ನು ಸುತ್ತ ಹರಡಿಬಿಡುತ್ತದೆ, ಪ್ಲಾಸ್ಟಿಕ್ ಹಿಡಿದಿಟ್ಟುಕೊಳ್ಳುತ್ತದೆ. ಇದು ನನಗೆ ಯಾರೂ ಹೇಳಿರಲಿಲ್ಲ. ಬಂಪರಿನ ಮೂಲೆಯಲ್ಲಿ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟಿ ಪ್ಯಾಡಿಗೆ ಅಂಟಿಕೊಂಡು ಬಂತು. ಕಾರಿನ ಯಜಮಾನರು ಒಂದು ಮಾತೂ ಬೈಯದೆ ಸುಮ್ಮನೆ ನೋಡುತ್ತಾ ನಿಂತರು. ಆ ಮೌನ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಏಣು, ಅಂಚು, ಮೂಲೆ ಎಲ್ಲಕ್ಕೂ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿಯೇ ಯಂತ್ರ ಚಾಲೂ ಮಾಡುವುದು. ಏಣಿನ ಮೇಲೆ ಬಣ್ಣ ಮೊದಲೇ ತೆಳು. ಪ್ಯಾಡಿನ ಭಾರವೆಲ್ಲ ಬೀಳುವುದೂ ಆ ಒಂದು ಗೆರೆಯ ಮೇಲೆಯೇ.

ಇನ್ನೊಬ್ಬರಿದ್ದಾರೆ, ನಿವೃತ್ತ ಮೇಷ್ಟ್ರು. ಕಾರೆಂದರೆ ಪ್ರಾಣ. ಮೂರು ತಿಂಗಳಿಗೊಮ್ಮೆ ಪಾಲಿಶ್‌ಗೆ ಬರುತ್ತಿದ್ದರು. ಎರಡನೇ ವರ್ಷ ನಾನೇ "ಸಾರ್, ಇನ್ನು ಬೇಡ" ಅಂದೆ. "ದುಡ್ಡು ಕೊಡ್ತೀನಲ್ಲಪ್ಪಾ, ನಿನಗೇನು ಕಷ್ಟ?" ಅಂತ ಮುಖ ಸಣ್ಣದು ಮಾಡಿಕೊಂಡರು. ಅವರ ಕಾರಿನ ಸುರುಳಿ ಗೆರೆಗಳಿಗೆ ಕಾರಣ ದಿನಾ ಬೆಳಿಗ್ಗೆ ಅವರೇ ಒಣಬಟ್ಟೆಯಲ್ಲಿ ಧೂಳು ಒರೆಸುತ್ತಿದ್ದದ್ದು. ಪ್ರೀತಿಯಿಂದ ಗೀರಿ, ಆಮೇಲೆ ನನ್ನ ಹತ್ತಿರ ತಂದು ಸವೆಸುತ್ತಿದ್ದರು. ಒಣಬಟ್ಟೆ ಬಿಡಿಸಿದೆ, ಎರಡು ಬಕೆಟ್ ಇಟ್ಟುಕೊಂಡು, ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಕೊಳೆ ಜಾಲಿಸುವ ನೀರು, ತೊಳೆಯುವುದನ್ನು ಪಕ್ಕದಲ್ಲೇ ನಿಂತು ತೋರಿಸಿಕೊಟ್ಟೆ. ಈಗಲೂ ಬರುತ್ತಾರೆ, ವ್ಯಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಅದು ಮಾತ್ರ ನಿಜವಾಗಿ ಹಚ್ಚುವಂಥದ್ದು.

ಕಪ್ಪು ಕಾರಿನ ಹುಡುಗನಿಗೆ ಬಾನೆಟ್ಟಿಗೆ ಮತ್ತೆ ಬಣ್ಣ ಹೊಡೆಸದೆ ದಾರಿಯಿಲ್ಲ ಅಂತ ಹೇಳಿದೆ. ಕಣ್ಣು ತುಂಬಿಕೊಂಡ. ಮೊದಲ ಕಾರಂತೆ. ಬೈಯಬೇಕು ಅಂತಿದ್ದವನು ಒಳಗೆ ಹೋಗಿ ಗುಜರಿಯಿಂದ ತಂದಿಟ್ಟಿದ್ದ ಒಂದು ಬಾನೆಟ್ ಎಳೆದು ಸ್ಟ್ಯಾಂಡಿನ ಮೇಲಿಟ್ಟು, ಟೇಪಿನಲ್ಲಿ ಆರು ಚೌಕ ಮಾಡಿಕೊಟ್ಟೆ. ಶನಿವಾರ ಬಂದು ಶುರುಮಾಡಿದ. ಮೊದಲ ಮೂರು ಚೌಕದಲ್ಲಿ ಅದೇ ಹಠ, ಅದೇ ಒತ್ತು. ನಾಲ್ಕನೆಯದರಲ್ಲಿ ಒಂದು ಗೀರಿನ ಹತ್ತಿರ ಬಂದಾಗ ತಾನಾಗಿಯೇ ಯಂತ್ರ ನಿಲ್ಲಿಸಿದ, ಉಗುರು ಎಳೆದು ನೋಡಿದ, ಇನ್ನೊಮ್ಮೆ ಎಳೆದ. ಆಮೇಲೆ ಬಟ್ಟೆ ತೆಗೆದುಕೊಂಡು ಆ ಚೌಕವನ್ನು ಒರೆಸಿ, ಐದನೆಯದಕ್ಕೆ ಹೋದ.